ಹೈಪೋ ಅಂದರೆ ಕೆಳಗೆ

"ನಾನೇ ಕಿತ್ಕೊಂಡೆ ಕಣವ್ವ. ಬೆಲ್ಲದುಂಡೆ ಅವನ ಬಾಯಿಗಂಟ ಓಗಿತ್ತು. ಬೆರಳು ಬುಡಿಸಿ ಕಿತ್ಕೊಂಡೆ."

ಪುಟ್ಟತಾಯಮ್ಮ ಬಲಗೈ ಮುಂದೆ ಚಾಚಿದಳು. ತೋರುಬೆರಳಿನ ಬುಡದಲ್ಲಿ ಹಲ್ಲಿನ ಗುರುತು ಕಪ್ಪುಗಟ್ಟಿತ್ತು. ಸತ್ತ ಮಗ ಕಚ್ಚಿದ್ದು.

ಸಬ್ ಇನ್ಸ್‌ಪೆಕ್ಟರ್ ಪ್ರೇಮಾ ಆ ಬೆರಳನ್ನೇ ನೋಡುತ್ತ ಕೇಳಿದಳು. "ಯಾಕೆ ಕಿತ್ಕೊಂಡ್ರಿ ಅವ್ವ?"

"ಸಕ್ಕರೆ ಏರ್ಬುಟ್ಟಿತ್ತಲ್ಲ. ಸಿಹಿ ಮುಟ್ಟುಸುದ್ರೆ ಪ್ರಾಣ ಓಯ್ತದೆ ಅಂತ ಪದ್ಮಿ ಫೋನಲ್ಲಿ ಏಳಿದ್ಲು. ನನ್ನ ಸೊಸೆ ತಿಳ್ದೋಳು ಕಣವ್ವ. ಡಾಕ್ಟ್ರು ಇಂಗ್ಲೀಷಲ್ಲಿ ಏನಂದ್ರೂ ನಮಗೆ ಬುಡಿಸಿ ಏಳೋಳು ಅವಳೇಯ."

"ಆಮೇಲೆ?"

"ಅಂಗಿಯೆಲ್ಲ ನೆಂದೋಗಿತ್ತು, ಅಂಗೆ ಬೆವರ್ತಿದ್ದ. ಕೈ ಗಡಗಡ ಅಂತಿತ್ತು. ನನ್ನ ಮಕಾನೇ ಗುರ್ತು ಸಿಗ್ದೆ ಯಾರು ನೀನು ಅಂದ. ಮತ್ತೆ ನೆಲದ ಮೇಲೆ ತೆವಳ್ಕೊಂಡು ಬೆಲ್ಲದ ಡಬ್ಬಿ ತಾವ್ಕೆ ಓದ. ಟವಲ್ ತಗಂಡು ಎರಡು ಕೈಯೂ ಕಟ್ಟಾಕ್ದೆ." ಮುದುಕಿ ತಲೆಯೆತ್ತಿದಳು. "ನಾನು ಮಾಡಿದ್ದು ಸರಿ ಅಲ್ವೇನವ್ವ?"

ಪ್ರೇಮಾ ಹೊರಗೆ ನೋಡಿದಳು. ಅಂಗಳದಾಚೆ ಆಲೆಮನೆಯ ಒಲೆ ಆರಿತ್ತು. ಕೊಪ್ಪರಿಗೆಯ ಅಂಚಿನಲ್ಲಿ ಒಣಗಿದ ಪಾಕಕ್ಕೆ ಜೇನುನೊಣ ಮುತ್ತಿದ್ದವು.

ಆಲೆಮನೆ ಯತೀಶ್ ಸಕ್ಕರೆ ಏರಿ ಸತ್ತ ಎಂದು ಹೊಸ ಅಗ್ರಹಾರದ ಸುತ್ತಲಿನ ಊರೆಲ್ಲ ನಂಬಿತ್ತು. ಅವನು ಕಡೆಯುಸಿರು ಎಳೆದ ಆಸ್ಪತ್ರೆಯ ಡಾಕ್ಟರ್ ಒಬ್ಬರು ಮಾತ್ರ, ಹೊಟ್ಟೆಯ ಮೇಲೆ ಸೂಜಿಯ ಗುರುತು ಕಂಡು ಪೊಲೀಸರಿಗೆ ಫೋನ್ ಮಾಡಿದ್ದರು.

*

ಮೈಸೂರಿನ ಶವಾಗಾರದ ಪಕ್ಕದ ಕೋಣೆಯಲ್ಲಿ ಡಾ. ಸೋಮಶೇಖರ ಇಡ್ಲಿ ತಿನ್ನುತ್ತಿದ್ದರು. ಹೆಣದ ವಾಸನೆಗೂ ಚಟ್ನಿಯ ವಾಸನೆಗೂ ಅವರ ಮೂಗಿನಲ್ಲಿ ಜಗಳವೇ ಇರಲಿಲ್ಲ.

"ಹೈಪೋಗ್ಲೈಸೀಮಿಕ್ ಎನ್ಸೆಫಲೋಪತಿ. ಆಸ್ಪತ್ರೆಯವರು ಬರೆದ ಕಾರಣ ಸರಿಯಾಗಿದೆ," ಎಂದರು.

"ಸರ್, ಕೋರ್ಟಲ್ಲಿ ನಾನು ಹೇಳಬೇಕು. ನನಗೆ ಅರ್ಥ ಆಗೋ ಹಾಗೆ ಹೇಳಿ."

"ಹೈಪೋ ಅಂದ್ರೆ ಕೆಳಗೆ. ಹೈಪರ್ ಅಂದ್ರೆ ಮೇಲೆ. ಗ್ಲೈಸೀಮಿಯಾ ಅಂದ್ರೆ ರಕ್ತದಲ್ಲಿರೋ ಸಕ್ಕರೆ. ಎನ್ಸೆಫಲೋಪತಿ ಅಂದ್ರೆ ಮೆದುಳು ಕೆಡೋದು. ಸಕ್ಕರೆ ಪಾತಾಳಕ್ಕೆ ಇಳಿದು ಮೆದುಳು ಸತ್ತಿದೆ. ಮೆದುಳಿಗೆ ಕಣಜ ಅನ್ನೋದಿಲ್ಲಮ್ಮ. ಅವತ್ತಿನ ಕೂಲಿ ಅವತ್ತೇ ಉಣ್ಣೋ ಜೀವ ಅದು. ಸಕ್ಕರೆ ನಿಂತ್ರೆ ಅದೂ ನಿಲ್ಲುತ್ತೆ."

"ಮನೆಯವರು ಸಕ್ಕರೆ ಏರಿತ್ತು ಅಂತಾರೆ."

"ಹಾಗಾದ್ರೆ ಯಾರೋ ಹೈಪೋನ ಹೈಪರ್ ಮಾಡಿದ್ದಾರೆ."

ಪ್ರೇಮಾ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. "ಇಳಿದಿದ್ದು ಹೇಗೆ? ಅವನಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ ಅಂತ ಆಸ್ಪತ್ರೆಯವರು ಬರೆದಿದ್ದಾರಲ್ಲ?"

"ಇನ್ಸುಲಿನ್. ರಕ್ತದಲ್ಲಿರೋ ಸಕ್ಕರೆಯನ್ನ ದೇಹದ ಕಣಕಣಕ್ಕೂ ತುಂಬೋ ರಸ. ಎಲ್ಲರ ಹೊಟ್ಟೆಯಲ್ಲೂ ಒಂದು ಗ್ರಂಥಿ ಅದನ್ನ ತಯಾರಿಸುತ್ತೆ. ಅತಿಯಾದ್ರೆ ರಕ್ತದಲ್ಲಿ ಸಕ್ಕರೆಯೇ ಉಳಿಯಲ್ಲ. ಯತೀಶನ ರಕ್ತದಲ್ಲಿ ಅದು ವಿಪರೀತ ಇತ್ತು. ಪುಣ್ಯಕ್ಕೆ ಉಸಿರಿದ್ದಾಗಲೇ ರಕ್ತ ತೆಗೆದಿಟ್ಟಿದ್ದರು."

"ದೇಹವೇ ಜಾಸ್ತಿ ಮಾಡಿಕೊಂಡಿರಬಹುದು ಅಂತ ವಕೀಲರು ಕೇಳಿದರೆ?"

ಡಾಕ್ಟರ್ ಕೈ ತೊಳೆದು ಬಂದು ಕುಳಿತರು. "ಮನೆಯಲ್ಲಿ ಭತ್ತ ಕುಟ್ಟಿದ್ರೆ ಅಕ್ಕಿ ಜೊತೆ ಏನು ಬರುತ್ತೆ?"

"ಹೊಟ್ಟು."

"ಒಂದು ಮನೆಯಲ್ಲಿ ಮೂಟೆಗಟ್ಟಲೆ ಅಕ್ಕಿ ಇದೆ. ಹೊಟ್ಟು ಒಂದು ಹಿಡಿಯೂ ಇಲ್ಲ. ಏನರ್ಥ?"

"ಅಕ್ಕಿ ಹೊರಗಿನಿಂದ ಬಂದಿದೆ."

"ಅಷ್ಟೇ. ದೇಹ ಇನ್ಸುಲಿನ್ ಮಾಡೋವಾಗ ಅದರ ಜೊತೆಗೆ ಒಂದು ತುಣುಕು ಉದುರುತ್ತೆ. ಅದರ ಹೆಸರು ಸಿ-ಪೆಪ್ಟೈಡ್. ಅದು ಹೊಟ್ಟು. ಬಾಟಲಿಯ ಇನ್ಸುಲಿನ್‌ನಲ್ಲಿ ಹೊಟ್ಟಿರಲ್ಲ. ಯತೀಶನ ರಕ್ತದಲ್ಲಿ ಅಕ್ಕಿ ರಾಶಿ ಇತ್ತು, ಹೊಟ್ಟಿರಲಿಲ್ಲ. ಯಾರೋ ಚುಚ್ಚಿದ್ದಾರೆ."

ಪ್ರೇಮಾ ಎದ್ದು ನಿಂತಳು. ಕೇಳಬಾರದು ಎಂದುಕೊಂಡಿದ್ದ ಪ್ರಶ್ನೆ ಬಾಗಿಲ ಬಳಿ ಬಾಯಿಗೆ ಬಂದೇಬಿಟ್ಟಿತು. "ಸರ್, ಅವನು ಬೆಲ್ಲಕ್ಕೆ ತೆವಳಿಕೊಂಡು ಹೋಗಿದ್ದ. ಒಂದುಂಡೆ ಬೆಲ್ಲ..."

"ದೇಹಕ್ಕೆ ಬುದ್ಧಿ ಇರುತ್ತಮ್ಮ. ತನಗೆ ಬೇಕಾದ್ದನ್ನ ಅದೇ ಹುಡುಕುತ್ತೆ. ತಿಂದಿದ್ದರೆ ಆಸ್ಪತ್ರೆ ಸೇರೋವರೆಗೆ ಜೀವ ತಡೆಯುತ್ತಿತ್ತು." ಡಾಕ್ಟರ್ ಕನ್ನಡಕ ತೆಗೆದರು. "ತಿನ್ನೋದಕ್ಕೆ ಬಿಡಲಿಲ್ಲವೇ?"

"ಇಲ್ಲ ಸರ್."

"ಯಾರು?"

ಪ್ರೇಮಾ ಟೋಪಿ ಸರಿಮಾಡಿಕೊಂಡು ಹೊರಗೆ ಬಂದಳು.

*

ಕೊಲೆಯ ದಾರಿ ತಿಳಿದಿತ್ತು. ಕಾರಣ ತಿಳಿದಿರಲಿಲ್ಲ. ಸೊಸೆಯ ಫೋನ್ ಕರೆಗಳ ಪಟ್ಟಿಯಲ್ಲಿದ್ದ ಒಂದು ನಂಬರಿನ ಜಾಡು ಹಿಡಿದು ಹೋದಾಗ ಅದು ಸಿಕ್ಕಿದ್ದು ಹುಣಸೂರಿನಲ್ಲಿ, ಕಾಂತರಾಜು ಎಂಬವನ ಬಾಯಲ್ಲಿ.

ಕಾಂತರಾಜು ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಕಾಂಪೌಂಡರ್ ಆಗಿದ್ದ. ಹೊಟ್ಟೆಯ ಮಗು ಗಂಡೋ ಹೆಣ್ಣೋ ಎಂದು ಕದ್ದು ಹೇಳುತ್ತಿದ್ದ ಆ ಕ್ಲಿನಿಕ್ಕಿಗೆ ಬೀಗ ಬಿದ್ದ ಮೇಲೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡುಗಳಿಗೆ ಸೌದೆ ಹೊಡೆಸುವ ಕೆಲಸ ಹಿಡಿದಿದ್ದ. ಪ್ರೇಮಾ ಯತೀಶನ ಹೆಂಡತಿ ಪದ್ಮಶ್ರೀಯ ಫೋಟೋ ತೋರಿಸಿದ ಕೂಡಲೇ ಸೌದೆ ಲಾರಿಯ ಹಿಂದಕ್ಕೆ ಸರಿದು ನಿಂತ.

"ಗೊತ್ತು ಮೇಡಂ. ಮೂರ್ನಾಲ್ಕು ವರ್ಷದ ಹಿಂದೆ ಬಂದಿದ್ರು. ಗಂಡ, ಅತ್ತೆ, ಈ ಹೆಣ್ಣುಮಗಳು. ಸ್ಕ್ಯಾನಲ್ಲಿ ಹೆಣ್ಣು ಅಂತ ಬಂತು. ತಾಯಿ ಮಗ ಇಬ್ರೂ ತೆಗ್ದುಬುಡಿ ಅಂದ್ರು."

"ಅವಳು ಒಪ್ಪಿದ್ಲಾ?"

"ಅವಳಿಗೆ ಎಲ್ಲಿ ಗೊತ್ತು? ಹೊಟ್ಟೆ ತೊಳೀತೀವಿ, ಮಗು ಗಟ್ಟಿಯಾಗಿ ನಿಲ್ಲುತ್ತೆ ಅಂತ ಹೇಳುದ್ವು. ನಗ್ತಾ ನಗ್ತಾ ಒಳಗೆ ಓದ್ಲು."

"ಹೇಳಿದ್ದು ಯಾರು?"

ಕಾಂತರಾಜು ಕೈಗೆ ಅಂಟಿದ ಸೌದೆಯ ಸಿಬಿರು ಕೀಳುತ್ತ ನಿಂತ. "ನಾನೇ. ಪದ ಬುಡಿಸಿ ಹೇಳೋದೇ ಅಲ್ಲಿ ನನ್ನ ಕೆಲ್ಸ."

"ಆಮೇಲೆ?"

"ರಕ್ತ ನಿಲ್ಲಲಿಲ್ಲ. ಇನ್ನೊಂದು ಕಡೆ ಸಾಗಿಸಿ ಹಿಸ್ಟರೆಕ್ಟಮಿ ಮಾಡಿಸಿದ್ರು."

ಆ ಪದವನ್ನು ಪ್ರೇಮಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾಕನಕೋಟೆ ಕಾಡಂಚಿನ ಬುಡಕಟ್ಟು ಹಾಡಿಯಲ್ಲಿ ಅವಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗ ತಾಯಿ ಬೆಳ್ಳಮ್ಮನನ್ನು ಆಸ್ಪತ್ರೆಯವರು ಜೀಪಿನಲ್ಲಿ ಕರೆದುಕೊಂಡು ಹೋಗಿದ್ದರು. ತಿರುಗಿ ಬಂದಾಗ ಅವ್ವನಿಗೆ ಗರ್ಭಕೋಶವಿರಲಿಲ್ಲ. ಹಿಸ್ಟರೆಕ್ಟಮಿ ಎಂದರೆ ಅಷ್ಟೇ. ಗರ್ಭಕೋಶವನ್ನು ಕತ್ತರಿಸಿ ತೆಗೆದುಹಾಕುವುದು.

"ಇದು ಅತ್ತೆಗೆ ಗೊತ್ತಾ?"

"ಇಲ್ಲ ಮೇಡಂ. ಮುದುಕಿ ಅಷ್ಟರಲ್ಲಿ ಊರಿಗೆ ಓಗಿತ್ತು. ಗಂಡ ನನ್ನ ಕೈ ಹಿಡ್ಕೊಂಡು, ಅವ್ವನಿಗೂ ಹೇಳ್ಬೇಡ, ಹೆಂಡ್ತಿಗೂ ಹೇಳ್ಬೇಡ ಅಂದ. ಹೆಂಡ್ತಿಗೆ, ನಿಂಗೆ ರಕ್ತ ಕಮ್ಮಿ, ಅದಕ್ಕೆ ಮುಟ್ಟು ನಿಂತಿದೆ ಅಂದಿದ್ನಂತೆ. ಅವ್ವನಿಗೆ ಅನುಮಾನ ಬರದಂಗೆ ತಿಂಗಳು ತಿಂಗಳು ಸುಮ್ಸುಮ್ನೆ ಮುಟ್ಟಾದೋಳಂಗೆ ಮೂಲೇಲಿ ಕೂರು ಅಂದ್ನಂತೆ. ಅವಳೂ ಕೂತ್ಲಂತೆ."

"ನಿನಗೆ ಇದೆಲ್ಲ ಹೇಗೆ ಗೊತ್ತು?"

"ಓದ್ವರ್ಷ ಹುಡಿಕ್ಕೊಂಡು ಬಂದಿದ್ಲು. ನನ್ನ ಹೊಟ್ಟೇಲಿ ಏನ್ ಮಾಡಿದ್ರಿ ಹೇಳು ಅಂತ ನಿಂತ್ಲು. ಹೇಳ್ಬುಟ್ಟೆ."

"ಅತ್ತಳಾ?"

"ಇಲ್ಲ. ಅದೇ ನನಗೆ ಭಯ ಆಗಿದ್ದು. ಇನ್ನೆರಡು ಪದದ ಅರ್ಥ ಹೇಳು ಅಂದ್ಲು."

"ಯಾವ ಪದ?"

"ಹೈಪೋ, ಹೈಪರ್."

*

ಪದ್ಮಶ್ರೀ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಪ್ರೇಮಾಳನ್ನು ಕಂಡು ಮೊರವನ್ನು ಪಕ್ಕಕ್ಕೆ ಸರಿಸಿ ಚಾಪೆ ಹಾಸಿದಳು. ಪೇದೆ ಚಲುವರಾಜು ಜಗಲಿಯಲ್ಲಿ ನಿಂತ. ಪುಟ್ಟತಾಯಮ್ಮ ಹಿತ್ತಲಿಗೆ ಹೋಗಿದ್ದಳು.

"ಪದ್ಮಶ್ರೀ, ಹೈಪೋ ಅಂದರೆ ಏನು?"

"ಕೆಳಗೆ." ಅವಳು ಯೋಚಿಸಲೇ ಇಲ್ಲ.

"ಹೈಪರ್?"

"ಮೇಲೆ."

"ಎಲ್ಲಿ ಕಲಿತದ್ದು?"

"ಗೊತ್ತಿರೋರನ್ನ ಕೇಳಿ ಕಲಿತೆ ಮೇಡಂ. ಗೊತ್ತಿಲ್ಲದೆ ಇದ್ರೆ ಏನಾಗುತ್ತೆ ಅಂತ ನೋಡಿದ್ದೆ."

"ಆಸ್ಪತ್ರೆಯವರು ನಿಮ್ಮ ಗಂಡನಿಗೆ ಆಗಿದ್ದು ಹೈಪೋ ಅಂದರು. ನೀವು ಊರಿಗೆಲ್ಲ ಸಕ್ಕರೆ ಏರಿತ್ತು ಅಂದಿರಿ."

"ಗಂಡನ್ನ ಕಳ್ಕೊಂಡ ಗಾಬರಿ. ಒಂದಕ್ಷರ ತಪ್ಪಾಯ್ತು. ಅದಕ್ಕೆ ಜೈಲಿದೆಯಾ?"

"ಅದಕ್ಕೂ ಮೊದಲೇ ಫೋನಿನಲ್ಲಿ, ಸಿಹಿ ಮುಟ್ಟಿಸಬೇಡಿ ಅಂದಿರಲ್ಲ. ಅದೂ ಗಾಬರಿಯಾ?"

ಪದ್ಮಶ್ರೀ ಒಂದು ಕಾಯಿ ಬಿಡಿಸಿ ಕಾಳನ್ನು ಪಾತ್ರೆಗೆ ಹಾಕಿದಳು. "ಹಾಗಂತ ಯಾರು ಹೇಳಿದ್ದು?"

"ನಿಮ್ಮ ಅತ್ತೆ."

"ಅತ್ತೆಗೆ ಕಿವಿ ಮಂದ."

"ಕಾಂತರಾಜು ಸಿಕ್ಕಿದ್ದ."

ಕಾಳು ಬಿಡಿಸುತ್ತಿದ್ದ ಬೆರಳು ನಿಂತಿತು. ಅವಳು ಮೊದಲ ಸಲ ಪ್ರೇಮಾಳ ಮುಖವನ್ನು ನೆಟ್ಟಗೆ ನೋಡಿದಳು.

"ನೀವು ಹಾಡಿ ಕಡೆಯೋರಂತೆ. ಅಲ್ಲಿಗೆ ಡಾಕ್ಟರು ಬಂದಾಗ ನಿಮ್ಮ ಹೆಂಗಸರಿಗೆ ಪದ ಬಿಡಿಸಿ ಹೇಳ್ತಿದ್ದೋರು ಯಾರು ಮೇಡಂ?"

"ಯಾರೂ ಇರಲಿಲ್ಲ."

"ಹಾಗಾದ್ರೆ ನಿಮಗೆ ನನ್ನ ಸಂಕಟ ಗೊತ್ತು."

"ಗೊತ್ತು. ಅದಕ್ಕೇ ಇಲ್ಲಿ ಬಂದು ಕೂತು ಮಾತಾಡ್ತಾ ಇದೀನಿ. ಠಾಣೆಗೆ ಎಳ್ಕೊಂಡು ಹೋಗಿಲ್ಲ. ಯತೀಶನಿಗೆ ಇನ್ಸುಲಿನ್ ಚುಚ್ಚಿದ್ದು ನೀವು."

ಪದ್ಮಶ್ರೀ ನಕ್ಕಳು. ದೊಡ್ಡ ನಗೆಯೇನಲ್ಲ, ಮಗು ತಪ್ಪು ಮಗ್ಗಿ ಹೇಳಿದಾಗ ನಗುವಷ್ಟೇ.

"ಆವತ್ತು ಬೆಳಗ್ಗಿಂದ ನಾನು ಪಿರಿಯಾಪಟ್ಟಣದಲ್ಲಿದ್ದೆ. ತಂಗಿ ಎಂಗೇಜ್‌ಮೆಂಟ್. ಆರತಿ ತಟ್ಟೆ ಹಿಡ್ಕೊಂಡು ನಿಂತಿರೋ ವಿಡಿಯೋ ಇದೆ, ಬೇಕಾದ್ರೆ ಕಳಿಸ್ತೀನಿ. ನನ್ನ ಕೈ ಅಲ್ಲಿಂದ ಇಲ್ಲಿವರೆಗೆ ಉದ್ದ ಬೆಳೀತಾ?"

ಅವಳು ಎದ್ದು ಫ್ರಿಜ್ ತೆಗೆದಳು. ಬಾಗಿಲ ಅರೆಯಲ್ಲಿ ಮೊಸರಿನ ಪಾಕೀಟಿನ ಪಕ್ಕ ಇನ್ಸುಲಿನ್ ಬಾಟಲಿ, ಸಿರಿಂಜುಗಳು ಇದ್ದವು.

"ಇದು ಅತ್ತೆ ಔಷಧಿ. ನನಗೆ ಸೂಜಿ ಕಂಡ್ರೆ ಆಗಲ್ಲ. ಈ ಮನೇಲಿ ಚುಚ್ಚೋಕೆ ಬರೋದು ಒಬ್ಬರಿಗೇ."

ಪ್ರೇಮಾಳ ಬೆನ್ನ ಹಿಂದೆ ಏನೋ ನೆಲಕ್ಕೆ ಬಿತ್ತು. ತಿರುಗಿ ನೋಡಿದರೆ, ಹಿತ್ತಲ ಬಾಗಿಲಲ್ಲಿ ಪುಟ್ಟತಾಯಮ್ಮ ನಿಂತಿದ್ದಳು. ಕಾಲ ಬಳಿ ನೀರಿನ ಬಿಂದಿಗೆ ಉರುಳುತ್ತಿತ್ತು.

"ನಾನೇ ಚುಚ್ಚುದ್ದು ಕಣವ್ವ," ಎಂದಳು.

ಜಗಲಿಯಿಂದ ಚಲುವರಾಜು ಒಳಗೆ ಬಂದ.

"ಮಗ ಬಲೇ ಸುಸ್ತು ಅಂತ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದ. ರಿಪೋರ್ಟಲ್ಲಿ ಸಕ್ಕರೆ ನಾನೂರು ಅಂತ ಬಂದದೆ, ಅವರಿಗೂ ನಿಮ್ಮಂಗೇ ಸಕ್ಕರೆ, ನಿಮ್ಮ ಸೂಜೀನೇ ತುಂಬ ಎಳ್ದು ಆಕ್ಬುಡಿ ಅತ್ತೆ ಅಂತ ಪದ್ಮಿ ಫೋನ್ ಮಾಡುದ್ಲು. ಅವನಿಗೂ ಅಂಗೇ ಏಳುದ್ಲು. ಅವನೇ ಅಂಗಿ ಎತ್ಕೊಂಡು ಕೂತ್ಕಂಡ. ನಿನ್ನ ಕೈ ಸೂಜಿ ನೋಯದೇ ಇಲ್ಲ ಕಣವ್ವ ಅಂತ ನಗಾಡ್ದ." ಮುದುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಡಾಕ್ಟ್ರಲ್ದೋರು ಚುಚ್ಚುದ್ರೆ ಪೊಲೀಸ್ನೋರು ಇಡ್ಕೊಂಡು ಓಯ್ತಾರೆ, ಬಾಯಿ ಬುಡ್ಬೇಡಿ ಅಂದಿದ್ಲು. ಅದಕ್ಕೆ ಏಳಿರ್ಲಿಲ್ಲ."

ಪ್ರೇಮಾ ಪದ್ಮಶ್ರೀಯ ಕಡೆ ನೋಡಿದಳು. ಅವಳು ಅತ್ತೆಯ ಹತ್ತಿರ ಹೋಗಿ ಭುಜ ಹಿಡಿದು ಮೆಲ್ಲಗೆ ಕೂರಿಸಿದಳು. ಎದುರಿಗೆ ತಾನೂ ಕುಕ್ಕರುಗಾಲಲ್ಲಿ ಕುಳಿತಳು. ದಿನವೂ ಔಷಧಿಯ ಚೀಟಿ ಓದಿ ಹೇಳುವಾಗಿನ ದನಿಯಲ್ಲೇ ಶುರುಮಾಡಿದಳು.

"ಅತ್ತೆ, ಆಸ್ಪತ್ರೆಯವರು ಹೇಳಿದ್ದನ್ನ ಸರಿಯಾಗಿ ಹೇಳ್ತೀನಿ, ಕೇಳಿ. ಅವರಿಗೆ ಸಕ್ಕರೆ ಕಾಯಿಲೆ ಇರಲೇ ಇಲ್ಲ. ಇಲ್ಲದೋರಿಗೆ ಆ ಸೂಜಿ ಹಾಕಿದ್ರೆ ಸಕ್ಕರೆ ಇಳಿದುಹೋಗುತ್ತೆ. ಬೆವರು, ನಡುಕ, ಗುರ್ತು ಸಿಗದೆ ಇರೋದು, ಎಲ್ಲ ಅದಕ್ಕೇ. ಅದಕ್ಕೆ ಮದ್ದು ಸಿಹಿ."

"ಪದ್ಮಶ್ರೀ, ಸಾಕು," ಎಂದಳು ಪ್ರೇಮಾ.

"ಅವರು ಬೆಲ್ಲ ತಿಂದಿದ್ರೆ ಬದುಕ್ತಿದ್ರು ಅತ್ತೆ. ಬಾಯಿವರೆಗೂ ಹೋಗಿತ್ತಲ್ಲ?"

ಪುಟ್ಟತಾಯಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಸೊಸೆಯ ತುಟಿಗಳನ್ನೇ ನೋಡುತ್ತಿದ್ದಳು. ಆಮೇಲೆ ಅರ್ಥವಾಯಿತು. ಬಲಗೈಯನ್ನು ಎಡಗೈಯಿಂದ ಹಿಡಿದು, ಬೇರೆ ಯಾರದೋ ಕೈಯೆಂಬಂತೆ ದೂರ ತಳ್ಳತೊಡಗಿದಳು. ಬಾಯಿಂದ ಹೊರಟ ಸದ್ದು ಅಳುವಿನದಾಗಿರಲಿಲ್ಲ. ಕೊಟ್ಟಿಗೆಯ ಹಸು ತಲೆಯೆತ್ತಿ ಕಿವಿ ನಿಮಿರಿಸಿತು.

ಚಲುವರಾಜು ಗೋಡೆಯ ಕಡೆ ಮುಖ ತಿರುಗಿಸಿದ.

"ಕೈ ಅವರದು ಮೇಡಂ. ಸೂಜಿ ಅವರದು," ಎಂದಳು ಪದ್ಮಶ್ರೀ, ಎದ್ದು ಸೆರಗು ಸರಿಮಾಡಿಕೊಳ್ಳುತ್ತ. "ಯಾರಿಗೆ ಕೋಳ ಹಾಕ್ತೀರಿ?"

"ತಿಳಿಯದವರ ಕೈಯಲ್ಲಿ ಕೊಲೆ ಮಾಡಿಸಿದರೆ, ಮಾಡಿಸಿದವರೇ ಕೊಲೆಗಾರರು. ಕಾನೂನು ಅಷ್ಟು ದಡ್ಡ ಅಲ್ಲ."

"ಮಾಡಿಸಿದ್ದಕ್ಕೆ ಸಾಕ್ಷಿ?"

ಸಾಕ್ಷಿ ಒಂದೇ ಇತ್ತು. ಫೋನ್ ಮಾಡಿದ್ದು ಗೊತ್ತಾಗುತ್ತದೆ, ಆಡಿದ ಮಾತು ಎಲ್ಲೂ ಉಳಿದಿಲ್ಲ. ಯತೀಶ್ ಸತ್ತಿದ್ದಾನೆ. ಆ ಮಾತು ಕೇಳಿಸಿಕೊಂಡು ಬದುಕಿರುವ ಕಿವಿ ಪುಟ್ಟತಾಯಮ್ಮನದು ಮಾತ್ರ.

ಪ್ರೇಮಾ ಮುದುಕಿಯ ಪಕ್ಕ ಕುಳಿತಳು. "ಅವ್ವ, ಸೂಜಿ ಹಾಕಿ ಅಂದಿದ್ದು ಯಾರು, ಬೆಲ್ಲ ಕೊಡಬೇಡಿ ಅಂದಿದ್ದು ಯಾರು, ಈಗ ಹೇಳಿದಿರಲ್ಲ. ಅದನ್ನೇ ನ್ಯಾಯಾಧೀಶರ ಮುಂದೆಯೂ ಹೇಳ್ತೀರಾ?"

ಪುಟ್ಟತಾಯಮ್ಮ ತಲೆಯಾಡಿಸಿದಳು. ಕಣ್ಣಲ್ಲಿ ನೀರಿಲ್ಲ, ಬೆಂಕಿ ಹತ್ತಿತ್ತು. "ಏಳ್ತೀನಿ. ಈ ಮನೆಹಾಳಿ ಮಾಡಿದ್ದ ದೇವರ ಮುಂದೂ ಏಳ್ತೀನಿ."

ಪದ್ಮಶ್ರೀ ಹೆದರಲಿಲ್ಲ. ಬಗ್ಗಿ, ಹಲ್ಲಿನ ಗುರುತಿದ್ದ ಆ ಕೈಯನ್ನೇ ಎತ್ತಿಕೊಂಡು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

"ಹೇಳಿ ಅತ್ತೆ. ಇದು ಜೈಲಲ್ಲಿ ಹುಟ್ಟಲಿ."

ಮುದುಕಿಯ ಬೆಂಕಿ ಒಂದೇ ಉಸಿರಿಗೆ ಆರಿಹೋಯಿತು. ಕೈ ಹಿಂದಕ್ಕೆ ಬರಲಿಲ್ಲ. ಬೆರಳುಗಳು ನಿಧಾನವಾಗಿ ಸೀರೆಯ ಮೇಲೆ ಹರಡಿಕೊಂಡವು.

"ಅವ್ವ?" ಎಂದಳು ಪ್ರೇಮಾ.

"ಅವಳೇನೂ ಏಳಿಲ್ಲ."

"ಏನು?"

"ಪದ್ಮಿ ಏನೂ ಏಳಿಲ್ಲ. ಎಲ್ಲ ನಾನೇ ಮಾಡ್ದೆ. ನನಗೇ ಬುದ್ಧಿ ಕೆಟ್ಟಿತ್ತು. ನನ್ನ ಇಡ್ಕೊಂಡೋಗು, ಗಲ್ಲಿಗಾಕು." ಪುಟ್ಟತಾಯಮ್ಮ ಪ್ರೇಮಾಳ ಕೈಯನ್ನೂ ಹಿಡಿದೆಳೆದಳು. "ಬಸುರಿ ಕಣವ್ವ ಅವಳು. ನಾಕು ತಿಂಗಳಿಂದ ಮುಟ್ಟು ನಿಂತದೆ. ಗಂಡು ಅಂತ ಸ್ಕ್ಯಾನಲ್ಲೂ ಬಂದದಂತೆ. ನನ್ನ ಯತೀಶನೇ ತಿರುಗಿ ಬತ್ತಾವ್ನೆ. ನನ್ನ ಕೈಯಾರೆ ಕೊಂದ ಮಗ ನನ್ನ ಮನೆಗೇ ಬತ್ತಾವ್ನೆ ಕಣವ್ವ!"

"ಅವ್ವ, ಅದು ಆಗೋ ಮಾತಲ್ಲ! ಇವರಿಗೆ ಹಿಸ್ಟರೆಕ್ಟಮಿ ಆಗಿದೆ!"

ಮಾತು ಬಾಯಿ ಜಾರಿತ್ತು.

ಪ್ರೇಮಾ ಪದ್ಮಶ್ರೀಯ ಕಡೆ ತಿರುಗಿದಳು. ಸಿಕ್ಕಿಬಿದ್ದವಳ ಮುಖ ಕಾಣುತ್ತದೆ ಎಂದುಕೊಂಡಿದ್ದಳು. ಕಾಣಲಿಲ್ಲ. ವರ್ಷದಿಂದ ಕಾದು ಕುಳಿತಿದ್ದ ಹೊತ್ತು ಕಡೆಗೂ ಬಂತೆನ್ನುವಂತೆ ಅವಳು ಗೋಡೆಗೆ ಒರಗಿ ನಿಂತಿದ್ದಳು.

"ಹೇಳಿ ಮೇಡಂ," ಎಂದಳು. "ಬಿಡಿಸಿ ಹೇಳಿ. ಹೇಳಿದ್ರೆ ನಿಮಗೆ ಸಾಕ್ಷಿ ಸಿಗುತ್ತೆ. ಇವರಿಗೆ ಏನು ಉ‍ಳಿಯುತ್ತೆ ನೋಡೋಣ. ಇದೊಂದು ಮಾತಿನ ಅರ್ಥ ನನ್ನ ಬಾಯಿಂದ ಬೇಡ."

ಪುಟ್ಟತಾಯಮ್ಮನ ಒಂದು ಕೈ ಇನ್ನೂ ಸೊಸೆಯ ಹೊಟ್ಟೆಯ ಮೇಲಿತ್ತು. ಇನ್ನೊಂದು ಪ್ರೇಮಾಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಇಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿ, ಕೊನೆಗೆ ಅವಳು ಪ್ರೇಮಾಳನ್ನೇ ಕೇಳಿದಳು.

"ಅಂಗಂದ್ರೇನವ್ವ?"